ಸೊನ್ನೆ ಪಾಯಿಂಟ್ ಆರು

ಗೋಡೆಗೆ ಅಂಟಿಸಿದ್ದ ಆ ಹಾಳೆಯನ್ನು ನಾನೇ ಕಿತ್ತು ಹಾಕಬಹುದಿತ್ತು. ಸಮುದಾಯ ಭವನದ ಬೀಗದ ಕೈ ನನ್ನ ಏಪ್ರನ್ ಜೇಬಿನಲ್ಲೇ ಇತ್ತು. ಮೂರು ತಿಂಗಳು ಅದರ ಮುಂದೆ ಓಡಾಡಿದೆ, ನೆಲ ಒರೆಸಿದೆ, ಒಲೆಗೆ ಸೀಮೆಎಣ್ಣೆ ತುಂಬಿದೆ, ಕೈ ಮಾತ್ರ ಮೇಲೇಳಲಿಲ್ಲ. ಈಗ ಹೇಳಿ ಏನು ಬಂತು! ಆದರೂ ಹೇಳುತ್ತೇನೆ. ಹೇಳದೆ ಇಟ್ಟುಕೊಂಡದ್ದು ಸಾಕಾಗಿದೆ.

ಕಾಮಿಸಾವಾ ಎಂದರೆ ಹದಿನಾಲ್ಕು ಮನೆ, ಸುತ್ತ ಸೇಬಿನ ತೋಟ, ತಲೆಯ ಮೇಲೆ ನಾಗಾನೊ ಬೆಟ್ಟಗಳು. ಕಸದ ಪಾಳಿ, ಬೆಂಕಿ ಕಾವಲಿನ ಪಾಳಿ, ಗುಡಿಯ ಅಂಗಳ ಗುಡಿಸುವ ಪಾಳಿ ಇದ್ದ ಹಾಗೆ ನಮ್ಮಲ್ಲಿ ಆರೋಗ್ಯದ ಪಾಳಿ ಎಂಬುದೂ ಒಂದಿತ್ತು. ಎರಡು ವರ್ಷಕ್ಕೊಬ್ಬ ಹೆಂಗಸು. ಶೋವಾ ಐವತ್ತಾರರಲ್ಲಿ, ಅಂದರೆ ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ, ಅದು ನನ್ನ ಕೊರಳಿಗೆ ಬಿತ್ತು. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಪಾಳಿಯವಳು ಬಿಪಿ ನೋಡುವ ಪೆಟ್ಟಿಗೆಯನ್ನು ನಮ್ಮ ಹೊಸಿಲ ಮೇಲಿಟ್ಟು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಕಾಲಿಗೆ ಬುದ್ಧಿ ಹೇಳಿದ್ದಳು.

ತಿಂಗಳಿಗೊಮ್ಮೆ ಪಟ್ಟಣದ ಕಚೇರಿಯಲ್ಲಿ ತರಬೇತಿ. ಕಲಿಸುತ್ತಿದ್ದವರು ಶಿಮೊದೈರಾ ಎಂಬ ನರ್ಸಮ್ಮ. ವಯಸ್ಸು ಮೂವತ್ತು ದಾಟಿತ್ತೋ ಇಲ್ಲವೋ, ಹಿಮದಲ್ಲೂ ಸ್ಕೂಟರ್ ಓಡಿಸಿಕೊಂಡು ಹಳ್ಳಿಹಳ್ಳಿ ತಿರುಗುತ್ತಿದ್ದರು. ಒಬ್ಬರ ತೋಳಿಗೆ ಒಬ್ಬರು ಪಟ್ಟಿ ಸುತ್ತಿ ಬಿಪಿ ನೋಡುವುದು, ಯಾವ ತಿಂಡಿಯಲ್ಲಿ ಎಷ್ಟು ಉಪ್ಪಿದೆ ಎಂದು ಬರೆದುಕೊಳ್ಳುವುದು, ಹೀಗೆ.

"ನೀವ್ಯಾರೂ ಡಾಕ್ಟ್ರಾಗೋದು ಬೇಡಮ್ಮಾ," ಅನ್ನುತ್ತಿದ್ದರು. "ಇಲ್ಲಿ ಕೇಳಿದ್ದನ್ನ ಮೊದ್ಲು ನಿಮ್ಮನೇಲಿ ಹೇಳಿ. ಆಮೇಲೆ ಬಲಗಡೆ ಮನೆ, ಆಮೇಲೆ ಎಡಗಡೆ ಮನೆ. ಅಷ್ಟೇ ನಿಮ್ ಕೆಲ್ಸ."

ಮೊದಲು ನಿಮ್ಮನೇಲಿ! ಅದೊಂದನ್ನು ಬಿಟ್ಟು ಬೇರೇನಾದರೂ ಹೇಳಿದ್ದರೆ ಮಾಡುತ್ತಿದ್ದೆ.

ನಮ್ಮ ಮನೆಯಲ್ಲಿ ಸೌಟು ನನ್ನ ಕೈಗೆ ಬಂದಿರಲಿಲ್ಲ. ನಮ್ಮ ಕಡೆ ಅತ್ತೆ ಸೌಟನ್ನು ಸೊಸೆಯ ಕೈಗೆ ಕೊಟ್ಟ ದಿನವೇ ಸೊಸೆ ಮನೆಯೊಡತಿ. ಕೆಲವರು ಐದು ವರ್ಷಕ್ಕೆ ಕೊಡುತ್ತಾರೆ, ಕೆಲವರು ಹತ್ತಕ್ಕೆ. ನಾನು ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ, ಮಗಳು ಓದಲು ಊರು ಬಿಟ್ಟಾಗಿತ್ತು, ನಮ್ಮ ಅತ್ತೆ ತೊವಾ ಇನ್ನೂ ಬೆಳಗಾಗೆದ್ದು ತಾವೇ ಕಣಜದ ಮನೆಗೆ ಹೋಗಿ, ಪೀಪಾಯಿಯಿಂದ ಮಿಸೊ ತೋಡಿ ತಂದು, ತಾವೇ ಸಾರು ಕುದಿಸಿ, ತಾವೇ ಬಡಿಸುತ್ತಿದ್ದರು. ಆ ಮಿಸೊ ಅವರೇ ಸೋಯಾಕಾಳು ಬೇಯಿಸಿ ಹುದುಗಿಸಿದ್ದು. ಮೂರು ವರ್ಷ ಕೆಡದಿರಲಿ ಎಂದು ಕೈತುಂಬ ಉಪ್ಪು. ನಾನು ಹೆಚ್ಚಿದ ಮೂಲಂಗಿ ಅದರೊಳಗೆ ಬೀಳುತ್ತಿತ್ತು, ನನ್ನ ಪಾಲು ಅಷ್ಟೇ.

ಹೋಗಲಿ, ನನಗೇನು, ನಾನು ತಿಂದುಕೊಂಡಿರುತ್ತಿದ್ದೆ. ಆದರೆ ಇವರು, ನನ್ನ ಯಜಮಾನರು ಕಾಂಜಿ, ಬೆಳಿಗ್ಗೆ ಮೂರು ಬಟ್ಟಲು ಸಾರು ಕುಡಿಯುವ ಮನುಷ್ಯ. ಉಪ್ಪು ಹಾಕಿದ ಸೊಪ್ಪಿನ ಮೇಲೆ ಮತ್ತೆ ಸೋಯಾ ರಸ ಸುರಿದುಕೊಳ್ಳುವವರು. ಪೆಟ್ಟಿಗೆ ಮನೆಗೆ ಬಂದ ಮೊದಲ ವಾರವೇ ಕೈ ಪಳಗಿಸಿಕೊಳ್ಳಲೆಂದು ಇವರ ತೋಳಿಗೆ ಪಟ್ಟಿ ಸುತ್ತಿದೆ. ನೂರಾ ಎಂಬತ್ತೆರಡು. ಮತ್ತೆ ಸುತ್ತಿದೆ. ನೂರಾ ಎಂಬತ್ನಾಲ್ಕು.

"ನಿಂಗೆ ನೋಡಕ್ಕೆ ಬರಲ್ಲ ಬಿಡು," ಎಂದು ತೋಳು ಕೊಡವಿಕೊಂಡು ಎದ್ದುಹೋದರು.

ಇವರಿಗೆ ಆಗ ಐವತ್ಮೂರು. ಮಾವ ಬಚ್ಚಲ ಬಾಗಿಲಲ್ಲಿ ಕುಸಿದಾಗ ಐವತ್ನಾಲ್ಕು. ತಲೆಯಲ್ಲಿ ರಕ್ತನಾಳ ಒಡೆದಿತ್ತು. ಅಲ್ಲಾಡಿಸಬಾರದು ಎಂದು ಯಾರೋ ಹೇಳಿದರು, ಮೂರು ದಿನ ಹಾಸಿಗೆಯಲ್ಲೇ ಗೊರಕೆ ಹೊಡೆದು ಹೋಗಿಬಿಟ್ಟರು. ಆಗ ನಾನು ಹೊಸ ಸೊಸೆ, ಆ ಗೊರಕೆ ಕೇಳಿಸಿಕೊಂಡವಳು. ಹಾಗಾಗಿ ನೂರಾ ಎಂಬತ್ನಾಲ್ಕು ಕಂಡಾಗಿನಿಂದ ಇವರ ಕಾವಲಿಗೆ ನಿಂತುಬಿಟ್ಟೆ. ಇವರು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳುತ್ತಿದ್ದೆ. ಸೇಬಿನ ಗಿಡ ಸವರಲು ಮೂರು ಕಾಲಿನ ಏಣಿ ಹತ್ತಿದರೆ ಅಡುಗೆಮನೆ ಕಿಟಕಿಯಿಂದ ಕಣ್ಣು ಕೀಳುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂದರೆ, "ಫಸಲು ಮುಗೀಲಿ." ಫಸಲು ಮುಗಿದ ಮೇಲೆ, "ಸವರೋದು ಮುಗೀಲಿ."

ಇನ್ನು ಅತ್ತೆಗೆ ಹೇಳಿದೆನೇ? ಹೇಳಿದೆ. ಒಂದೇ ಸಲ.

"ಅತ್ತೆ, ಮಿಸೊ ಒಂಚೂರು ಕಮ್ಮಿ ಹಾಕ್ಬೋದೇನೋ... ನರ್ಸಮ್ಮ ಹೇಳ್ತಿದ್ರು."

ಅತ್ತೆ ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ. "ಓಹೋ. ನಿಮ್ ಮಾವನ್ನ ನಾನೇ ಕೊಂದೆ ಅಂತ ಹೇಳ್ತಿದಾಳೇನು ಆ ಹುಡುಗಿ?"

ಮುಗಿಯಿತು.

ಅಕ್ಟೋಬರಿನಲ್ಲಿ ನರ್ಸಮ್ಮ ಪಾಳಿಯವರಿಗೆಲ್ಲ ಒಂದು ಕೆಲಸ ಕೊಟ್ಟರು. ತಿಂಗಳಿಗೊಮ್ಮೆ ಅವರವರ ಕೇರಿಯ ಪ್ರತಿ ಮನೆಯಿಂದ ಅವತ್ತಿನ ಸಾರನ್ನು ಒಂದು ಸಣ್ಣ ಸೀಸೆಯಲ್ಲಿ ತರಿಸಬೇಕು, ಸೀಸೆಗೆ ಮನೆಯ ಹೆಸರು ಬರೆದಿರಬೇಕು. ಇಡೀ ಪಟ್ಟಣಕ್ಕೆ ಒಂದೇ ಉಪ್ಪಿನ ಮೀಟರು, ಅದನ್ನು ನರ್ಸಮ್ಮ ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಕಡ್ಡಿ ಅದ್ದಿದರೆ ಮುಳ್ಳು ತಿರುಗಿ, ನೂರು ಪಾಲು ಸಾರಿನಲ್ಲಿ ಎಷ್ಟು ಪಾಲು ಉಪ್ಪೆಂದು ತೋರಿಸುತ್ತದೆ. ಒಂದರೊಳಗೆ ಬಂದರೆ ಒಳ್ಳೆಯದು, ದಾಟಿದರೆ ಉಪ್ಪು ಜಾಸ್ತಿ. ಬಂದ ಅಂಕಿಯನ್ನು ದೊಡ್ಡ ಹಾಳೆಯಲ್ಲಿ ಮನೆಯ ಹೆಸರಿನ ಮುಂದೆ ಬರೆದು ಸಮುದಾಯ ಭವನದ ಗೋಡೆಗೆ ಅಂಟಿಸಿದರು. ನಮ್ಮ ಮನೆ ಒಂದೂವರೆ. ಪಕ್ಕದ ಯೊಶಿನೊ ಅಕ್ಕನ ಮನೆ ಒಂದು ಪಾಯಿಂಟ್ ಆರು. ಒಂದರೊಳಗೆ ಒಂದು ಮನೆಯೂ ಇಲ್ಲ.

ಹೆಸರು ಬರೆದು ಗೋಡೆಗೆ ಹಚ್ಚುವುದು ಅಂದರೇನು! ನಮ್ಮೂರಿನಲ್ಲಿ ಕಸದ ಚೀಲ ಒಂದು ಗಂಟೆ ಮೊದಲು ಇಟ್ಟರೂ ನಾಲ್ಕು ದಿನ ತಲೆ ತಗ್ಗಿಸಿ ಓಡಾಡುತ್ತೇವೆ. ಅವತ್ತು ಭವನದಿಂದ ಹೆಂಗಸರು ಚಪ್ಪಲಿ ಹಾಕಿಕೊಂಡು ಹೊರಟದ್ದು ಹೇಗಿತ್ತೆಂದರೆ, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನವೆಂಬರಿನ ಸೀಸೆಯ ದಿನ ಬಂತು. ನಾನು ಪಾಳಿಯವಳು, ನನ್ನದೇ ಮನೆ ಒಂದೂವರೆ ಇದ್ದರೆ ಬೇರೆಯವರಿಗೆ ಏನೆಂದು ಹೇಳಲಿ? ಅತ್ತೆ ಕೋಳಿಗೂಡಿನ ಕಡೆ ಹೋದ ಹೊತ್ತು ನೋಡಿ ಎರಡು ಪಾಲು ಸಾರಿಗೆ ಒಂದು ಪಾಲು ಬಿಸಿನೀರು ಬೆರೆಸಿ ಸೀಸೆ ಮುಚ್ಚಿದೆ. ಲೆಕ್ಕದ ಪ್ರಕಾರ ಒಂದೂವರೆ ಇದ್ದದ್ದು ಒಂದಕ್ಕೆ ಬರಬೇಕು. ಸರಿಯಾಗಿ ಒಂದು. ಹೊಗಳಿಕೆಯೂ ಬೇಡ, ಬೈಗುಳವೂ ಬೇಡ. ಸೀಸೆಯನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು ಏಪ್ರನ್ ಬದಲಿಸಿ ಬರಲು ಒಳಗೆ ಹೋದೆ. ಬಂದು ಎತ್ತಿಕೊಂಡು ಭವನಕ್ಕೆ ಹೊರಟೆ.

ಮುಳ್ಳು ಸೊನ್ನೆ ಪಾಯಿಂಟ್ ಆರರಲ್ಲಿ ನಿಂತಿತು.

ನರ್ಸಮ್ಮ ಕಡ್ಡಿ ತೊಳೆದು ಮತ್ತೆ ಅದ್ದಿದರು. ಮತ್ತೆ ಆರು. "ಮಿಸಾವೊ ಅವ್ರೇ!" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು ನಿಂತಿತ್ತು. "ನಿಮ್ಮತ್ತೆ ಒಪ್ಕೊಂಡ್ರಾ? ಹೆಂಗ್ ಒಪ್ಸಿದ್ರಿ ಹೇಳಿ, ಬೇರೆಯವ್ರಿಗೂ ಹೇಳ್ಕೊಡ್ಬೇಕು ನೀವು."

ಉಳಿದ ಮನೆಗಳೆಲ್ಲ ಅವತ್ತು ಪಾಯಿಂಟ್ ಒಂಬತ್ತಕ್ಕೆ ಇಳಿದದ್ದೂ ನನ್ನ ತಲೆಗೆ ಹೋಗಲಿಲ್ಲ. ಆರು ಹೇಗಾಯಿತು? ನೀರು ಜಾಸ್ತಿ ಬಿತ್ತೇ? ಇಲ್ಲ, ಅಳೆದು ಹಾಕಿದ್ದೆ. ಅತ್ತೆಯೇ ಮಿಸೊ ಕಡಿಮೆ ಮಾಡಿದರೇ? ಆ ಒಂದು ಆಸೆ ಎದೆಯಲ್ಲಿ ಎದ್ದಿತು ನೋಡಿ, ಅದೇ ನನ್ನನ್ನು ಹಾಳು ಮಾಡಿದ್ದು. ಮರುದಿನ ಸಾರನ್ನು ನಾಲಿಗೆಯಲ್ಲಿ ಆಡಿಸಿ ಆಡಿಸಿ ಕುಡಿದೆ. ಅದೇ ಉಪ್ಪು. ಇಪ್ಪತ್ತೆರಡು ವರ್ಷ ತಿಂದ ನಾಲಿಗೆಗೆ ಏನು ತಿಳಿದೀತು, ಕಡಿಮೆಯಾಗಿದ್ದರೂ ಆಗಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಡಿಸೆಂಬರಿನಲ್ಲೂ ಅಷ್ಟೇ ನೀರು ಬೆರೆಸಿದೆ. ಆರು. ಜನವರಿಯಲ್ಲಿ ಭಯಕ್ಕೆ ನೀರು ಕಡಿಮೆ ಹಾಕಿದೆ. ಏಳು. ಯಾರ ಹತ್ತಿರ ಕೇಳಲಿ? ಕೇಳಿದರೆ ಮೊದಲು ನೀರು ಹಾಕಿದ್ದನ್ನು ಹೇಳಬೇಕು.

ಅಷ್ಟರಲ್ಲಿ ಆ ಅಂಕಿ ನಮ್ಮ ಮನೆಯೊಳಗೆ ಬಂದು ಪದ್ಮಾಸನ ಹಾಕಿ ಕೂತಿತ್ತು. ಇವರು ಆ ವರ್ಷ ಊರಿನ ಮುಖಂಡರು. ಸಭೆಗೆಂದು ಭವನಕ್ಕೆ ಹೋದಾಗಲೆಲ್ಲ ಗೋಡೆ ನೋಡಿ ಬರುತ್ತಿದ್ದರು.

"ಅಮ್ಮಾ, ಇನ್ನೊಂದ್ ಬಟ್ಲು," ಎಂದು ಬಟ್ಟಲು ನೀಡುವರು.

"ಮೂರಾಯ್ತು ರೀ," ಅನ್ನುತ್ತಿದ್ದೆ ನಾನು.

"ಆಗ್ಲಿ ಬಿಡೇ. ನಮ್ದು ಸೊನ್ನೆ ಪಾಯಿಂಟ್ ಆರು. ಬೇರೆಯವ್ರ ಮನೇದು ಎರಡು ಬಟ್ಲು, ನಮ್ಮನೇದು ಮೂರು ಬಟ್ಲು, ಎರಡೂ ಸಮ. ಪಾಳಿಯವ್ಳು ನೀನು, ಲೆಕ್ಕ ಬರಲ್ವಾ?"

ನಾಲ್ಕನೆಯ ಬಟ್ಟಲು! ಮೊದಲು ಮೂರಕ್ಕೆ ಏಳುತ್ತಿದ್ದ ಮನುಷ್ಯ ನನ್ನ ಅಂಕಿ ನೋಡಿ ನಾಲ್ಕು ಕುಡಿಯತೊಡಗಿದ. ಅತ್ತೆ ತಲೆ ಎತ್ತದೆ ಬಡಿಸುತ್ತಿದ್ದರು. ಅವರ ಕೈ ಒಂದು ಗಳಿಗೆ ತಡೆದು ಬಡಿಸಿದಂತೆ ನನಗೆ ಕಾಣುತ್ತಿತ್ತು. ನನ್ನ ಭ್ರಮೆ ಅಂದುಕೊಂಡೆ.

ಆ ಚಳಿಗಾಲದಲ್ಲಿ ಒಂದು ದಿನ ಯೊಶಿನೊ ಅಕ್ಕನ ಮನೆಯಲ್ಲಿ ಚಹಾ. ಹೊದಿಕೆ ಹೊಚ್ಚಿ ಅಡಿಯಲ್ಲಿ ಕಾವು ಇಟ್ಟ ಮೇಜಿನ ಕೆಳಗೆ ಕಾಲು ಬೆಚ್ಚಗಿಟ್ಟುಕೊಂಡು ಏಳೆಂಟು ಹೆಂಗಸರು, ನಡುವೆ ಅವರವರ ಮನೆಯ ಉಪ್ಪು ಸೊಪ್ಪಿನ ತಟ್ಟೆಗಳು. ನಾನು ಕಾಲಿಡುತ್ತಿದ್ದ ಹಾಗೇ ಯೊಶಿನೊ ಅಕ್ಕ ಶುರುಮಾಡಿದಳು. ಅರವತ್ತು ದಾಟಿದ ಹೆಂಗಸು, ಬಾಯಿ ಅಂದರೆ ಬಾಯಿ.

"ಬಾರಮ್ಮಾ, ಪಾಯಿಂಟ್ ಆರು. ಮಿಸೊ ಪೀಪಾಯಿನ ಬರೀ ಕಣ್ಣಲ್ಲಿ ನೋಡಿ ಸಾರು ಮಾಡ್ತೀರೇನು ನಿಮ್ಮನೇಲಿ?"

ಎಲ್ಲರೂ ಗೊಳ್ಳೆಂದರು. ನಾನೂ ನಕ್ಕೆ.

"ನಗ್ತೀಯಾ? ನಾವೆಲ್ಲ ಸೇರಿ ಪಾಯಿಂಟ್ ಒಂಬತ್ತು ಅಂತ ಮಾತಾಡ್ಕೊಂಡಿದ್ವಿ ಕಣೇ. ಅರ್ಧ ಸೀಸೆ ಮೇಲೆ ಒಂಚೂರು ಸಾರು, ಮಿಕ್ಕಿದ್ದು ನೀರು, ಹಿಂದೆ ಮುಂದೆ ಎಲ್ರೂ ಒಂಬತ್ತು. ಯಾರ್ಗೂ ನೋವಿಲ್ಲ. ನೀನು ಆರಕ್ಕೆ ಇಳಿಸ್ಬಿಟ್ಟೆ! ಒಂದ್ ಮಾತು ಹೇಳ್ಬಾರ್ದಾ?"

ಇವರು ನನ್ನನ್ನು ಬೈಯುತ್ತಿದ್ದದ್ದು ಮೋಸ ಮಾಡಿದ್ದಕ್ಕಲ್ಲ, ಮೋಸವನ್ನು ಅತಿ ಮಾಡಿದ್ದಕ್ಕೆ. ಹದಿನಾಲ್ಕು ಸೀಸೆಯೂ ನೀರು! ಪಾಳಿಯವಳು ನಾನು, ಅಲ್ಲೇ ಎದ್ದು ನಿಂತು ಹೇಳಬೇಕಿತ್ತು. ಏನು ಹೇಳಿದೆ ಗೊತ್ತೇ? "ತಪ್ಪಾಯ್ತು ಅಕ್ಕಾ, ಮುಂದಿನ ಸಲ ಒಂಬತ್ತೇ ತರ್ತೀನಿ." ಹಾಗಂದು ಇನ್ನೊಂದು ಲೋಟ ಚಹಾ ಕುಡಿದು ಬಂದೆ. ನಾಚಿಕೆಗೇಡು.

ಮುಂದಿನ ಸಲ ಬರುವ ಮೊದಲೇ ಸುದ್ದಿ ಬಂತು. ಪಟ್ಟಣದಲ್ಲೆಲ್ಲ ಅತಿ ಕಡಿಮೆ ಉಪ್ಪಿನ ಕೇರಿ ಕಾಮಿಸಾವಾ ಅಂತೆ. ಫೆಬ್ರವರಿ ಎಂಟಕ್ಕೆ, ಬೆಳಿಗ್ಗೆ ಹತ್ತಕ್ಕೆ, ನಮ್ಮ ಭವನದಲ್ಲೇ ಪ್ರಶಸ್ತಿ. ಊರಿನ ಪರವಾಗಿ ತೆಗೆದುಕೊಳ್ಳುವವರು ಮುಖಂಡರು, ಅಂದರೆ ಇವರು. ಹೇಗೆ ಸಾಧಿಸಿದೆವು ಎಂದು ಮಾತಾಡುವವಳು ಪಾಳಿಯವಳು.

ಜನವರಿ ಕೊನೆಯ ತರಬೇತಿಯಲ್ಲಿ ನರ್ಸಮ್ಮ ಉಪ್ಪಿನ ಸುದ್ದಿ ಬಿಟ್ಟು ತಲೆಯ ರಕ್ತನಾಳದ ಪಾಠ ಮಾಡಿದರು. ಕೈಯಿಂದ ಊಟದ ಕಡ್ಡಿ ಜಾರಿದರೆ, ಬಾಯಿ ಓರೆಯಾದರೆ, ಮಾತು ತೊದಲಿದರೆ, ಎರಡು ಕೈ ಮೇಲೆತ್ತಿಸಿ ನೋಡಿ, ಒಂದು ಕೆಳಗಿಳಿದರೆ ಕಾಯಬೇಡಿ. "ಮಲಗಿಸಿ ನೋಡೋಣ ಅನ್ಬೇಡಿ. ನಾಳೆ ನೋಡೋಣ ಅನ್ಬೇಡಿ. ಇನ್ನೊಂದು, ಆಂಬುಲೆನ್ಸಿಗೆ ಫೋನ್ ಮಾಡಿ ಸೈರನ್ ಬೇಡ, ಅಕ್ಕಪಕ್ಕದವ್ರಿಗೆ ತೊಂದ್ರೆ ಅಂತೀರಲ್ಲ, ದಮ್ಮಯ್ಯ, ಅದನ್ನ ಬಿಟ್ಬಿಡಿ. ದಾರಿ ಬಿಡಿಸೋದೇ ಆ ಸದ್ದು."

ಎಲ್ಲರೂ ಬರೆದುಕೊಂಡರು. ಪಾಠ ಮುಗಿದ ಮೇಲೆ ನರ್ಸಮ್ಮನ ಹಿಂದೆ ಸ್ಕೂಟರಿನ ತನಕ ಹೋದೆ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಅಂದುಕೊಂಡೆ. ಅವರು ಕೈಗವಸು ಹಾಕಿಕೊಳ್ಳುತ್ತಾ ನನ್ನತ್ತ ನೋಡಿ, "ನಿಮ್ಮಂಥೋರು ಒಬ್ರಿದ್ರೆ ಸಾಕು ನಂಗೆ, ಎಂಥ ಹಿಮ ಬಿದ್ರೂ ಗಾಡಿ ಓಡಿಸ್ತೀನಿ," ಅಂದರು. ನಾನು ಬಗ್ಗಿ ನಮಸ್ಕಾರ ಮಾಡಿದೆ. ಅವರು ಹೊರಟುಹೋದರು.

ಫೆಬ್ರವರಿ ಎಂಟು. ಇವರು ಆರಕ್ಕೇ ಎದ್ದು ಕೋಟು ಹಾಕಿ, ಟೈ ಕಟ್ಟಿಕೊಂಡು, ಭವನದಲ್ಲಿ ಕುರ್ಚಿ ಹಾಕಿಸಿ, ಒಂಬತ್ತಕ್ಕೆ ಊಟದ ಮೇಜಿಗೆ ಬಂದಿದ್ದರು. ನಾನು ನಾಲ್ಕು ರಾತ್ರಿಯಿಂದ ನಿದ್ದೆ ಕಂಡಿರಲಿಲ್ಲ. ಭಾಷಣದ ಚೀಟಿಯಲ್ಲಿ ಬರೆದದ್ದು ಒಂದೇ ಸಾಲು, ಎಲ್ಲರಿಗೂ ನಮಸ್ಕಾರ. ಅತ್ತೆ ಮೊದಲ ಬಟ್ಟಲು ಬಡಿಸಿದರು, ಎರಡನೆಯದು ಬಡಿಸಿದರು.

ಮೂರನೆಯದರಲ್ಲಿ ಇವರ ಬಲಗೈಯಿಂದ ಊಟದ ಕಡ್ಡಿ ಜಾರಿ ಬಿತ್ತು.

ಎತ್ತಿಕೊಂಡರು. ಮತ್ತೆ ಬಿತ್ತು. ಇವರು ನಕ್ಕರು. "ಚಳಿಗೆ ಬೆರಳು..." ಅಂದರು. 'ಬೆರಳು' ಅನ್ನುವುದು ಬಾಯಲ್ಲಿ ಮುದ್ದೆಯಾಗಿ ಬಂತು.

ಮೇಜು ಸುತ್ತಿ ಬಂದು ಇವರೆದುರು ಕೂತೆ. "ರೀ, ನನ್ ಕಡೆ ನೋಡಿ. ಎರಡೂ ಕೈ ಮೇಲೆತ್ತಿ."

"ಯಾಕೇ? ಕೈಯೆತ್ತಿ ಬಾನ್ಜಾಯ್ ಅಂತ ಜೈಕಾರ ಕೂಗೋದು ಪ್ರಶಸ್ತಿ ಬಂದ್ಮೇಲೆ..."

"ಎತ್ತೀಂದ್ರೆ ಎತ್ತಿ!" ಎಂದು ಕಿರುಚಿದೆ. ಆ ಮನೆಯಲ್ಲಿ ನಾನು ಹಾಗೆ ಕಿರುಚಿದ್ದು ಅದೇ ಮೊದಲು. ಇವರು ಹೆದರಿ ಎರಡೂ ಕೈ ಎತ್ತಿದರು. ಎಡಗೈ ನಿಂತಿತು. ಬಲಗೈ ಮೆಲ್ಲಗೆ, ತನ್ನ ಪಾಡಿಗೆ, ಕೆಳಗಿಳಿದು ಸಾರಿನ ಬಟ್ಟಲಿನ ಪಕ್ಕಕ್ಕೆ ಬಂದು ಮಲಗಿತು. ಇವರು ಅದನ್ನೇ ನೋಡುತ್ತಿದ್ದರು. ಬಾಯಿಯ ಬಲ ಮೂಲೆಯಿಂದ ಸಾರು ಟೈ ಮೇಲೆ ಇಳಿಯಿತು.

ಫೋನಿನ ಕಡೆ ಓಡಿದೆ. ಅತ್ತೆ ಸೌಟು ಹಿಡಿದುಕೊಂಡೇ ನನ್ನ ದಾರಿಗಡ್ಡ ಬಂದರು. ಮುಖ ಸುಣ್ಣದಂತಾಗಿತ್ತು.

"ಅಲ್ಲಾಡಿಸ್ಬೇಡ ಕಣೇ ಅವನ್ನ, ಮಲಗ್ಸು. ಬಿಸಿ ನೀರಿನ ಚೀಲ ತರ್ತೀನಿ."

"ಮಾವನ್ನ ಮಲಗ್ಸಿದ್ರಿ ಅತ್ತೆ. ಮೂರ್ ದಿನ ಮಲಗ್ಸಿದ್ರಿ. ದಾರಿ ಬಿಡಿ."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ! ಅತ್ತೆ ಪೆಟ್ಟು ತಿಂದವರ ಹಾಗೆ ಪಕ್ಕಕ್ಕೆ ಸರಿದರು. ನಾನು ಆಂಬುಲೆನ್ಸಿಗೆ ಒಂದು ಒಂದು ಒಂಬತ್ತು ತಿರುಗಿಸಿದೆ. ಹೆಸರು, ಊರು, ವಯಸ್ಸು, ಕಡ್ಡಿ ಎಷ್ಟು ಗಂಟೆಗೆ ಜಾರಿತು, ಎಲ್ಲ ಹೇಳಿದೆ. ಹಿಂದಿನಿಂದ ಅತ್ತೆ ಪಿಸುಗುಟ್ಟಿದರು, "ತಿರುವಿನಲ್ಲೇ ಸೈರನ್ ನಿಲ್ಸಕ್ಕೆ ಹೇಳೇ. ಇವತ್ತು ಊರೆಲ್ಲ ಭವನದಲ್ಲಿದೆ. ನಮ್ಮನೆ ಮುಂದೆ, ಇವತ್ತೇ..."

ನನಗೂ ಅದೇ ಬಂದಿತ್ತು ಮನಸ್ಸಿಗೆ, ಸುಳ್ಳು ಯಾಕೆ ಹೇಳಲಿ? ಪಾಯಿಂಟ್ ಆರರ ಮನೆಗೆ, ಪ್ರಶಸ್ತಿಯ ದಿನ, ಆಂಬುಲೆನ್ಸು! ಆದರೂ ಹೇಳಿದೆ, "ಸೈರನ್ ಹಾಕ್ಕೊಂಡೇ ಬನ್ನಿ. ಜೋರಾಗಿ ಹಾಕಿ. ದಾರೀಲಿ ಕಾರ್ ನಿಲ್ಸಿದಾರೆ ಎಲ್ರೂ."

ಆಂಬುಲೆನ್ಸು ನಮ್ಮನ್ನು ಹೊತ್ತು ಭವನದ ಮುಂದೆ ಹಾದುಹೋಗುವಾಗ ಹದಿಮೂರು ಮನೆಯ ಹೆಂಗಸರೂ ಒಳ್ಳೆಯ ಬಟ್ಟೆಯಲ್ಲಿ ರಸ್ತೆಗೆ ಬಂದು ಸಾಲಾಗಿ ನಿಂತಿದ್ದರು. ಯೊಶಿನೊ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ನರ್ಸಮ್ಮನ ಕೈಯಲ್ಲಿ ಸುರುಳಿ ಸುತ್ತಿದ ಪ್ರಶಸ್ತಿ ಪತ್ರ ಇತ್ತು. ನಾನು ತಲೆ ತಗ್ಗಿಸಲಿಲ್ಲ, ತಗ್ಗಿಸಲು ಪುರುಸೊತ್ತಿರಲಿಲ್ಲ, ಇವರ ಎಡಗೈ ನನ್ನ ಕೈಯಲ್ಲಿತ್ತು.

ಆಸ್ಪತ್ರೆಯಲ್ಲಿ ತಲೆಯ ಫೋಟೊ ತೆಗೆದರು, ಸೂಜಿ ಚುಚ್ಚಿದರು, ನಮ್ಮನ್ನು ಹೊರಗೆ ಕೂರಿಸಿದರು. ಅಲ್ಲಿನ ಬೆಂಚಿನಲ್ಲಿ ಅತ್ತೆ ನನ್ನ ಪಕ್ಕ ಕೂತರು. ಅವರ ಕೈಯಲ್ಲಿ ಇನ್ನೂ ಸೌಟಿತ್ತು. ಮನೆಯಿಂದ ಹಾಗೇ ಬಂದಿದ್ದರು, ಗೊತ್ತೇ ಆಗಿರಲಿಲ್ಲ. ಓಡಾಡುವವರು ನೋಡಿ ನೋಡಿ ಹೋಗುತ್ತಿದ್ದರು. ನಾನು ಪ್ರತಿ ಸಲ ಬಾಗಿಲು ಕಿರ್ರೆಂದಾಗ ಮಾವನ ಗೊರಕೆ ಕೇಳಿಸಿಕೊಳ್ಳುತ್ತಿದ್ದೆ.

ಮಧ್ಯಾಹ್ನ ಒಳಗೆ ಕರೆದರು. ಇವರು ಎಚ್ಚರವಾಗಿದ್ದರು. ಜೀವಕ್ಕೆ ಅಪಾಯವಿಲ್ಲ, ಬೇಗ ಬಂದದ್ದು ಒಳ್ಳೆಯದಾಯಿತು ಅಂದರು ಡಾಕ್ಟರು. ಬಲಗೈ ಎಷ್ಟು ತಿರುಗಿ ಬರುತ್ತದೆ ಎಂದು ಈಗಲೇ ಹೇಳಲಾಗದಂತೆ. ನಾನು ಮಂಚದ ಕಂಬಿ ಹಿಡಿದುಕೊಂಡೆ. ಡಾಕ್ಟರು ಬರೆಯುವ ಹಲಗೆ ತೆಗೆದು ಒಂದೊಂದೇ ಕೇಳಿದರು. ಸಿಗರೇಟು? ಇಲ್ಲ. ಅಕ್ಕಿ ಹೆಂಡ? ಹಬ್ಬಕ್ಕೆ ಮಾತ್ರ.

"ಊಟದಲ್ಲಿ ಉಪ್ಪು ಹೇಗೆ? ಈ ಕಡೆಯವ್ರದ್ದು ಸಾರೇ ಕಷ್ಟ."

ಇವರು ದಿಂಬಿನಿಂದ ತಲೆ ಎತ್ತಲು ನೋಡಿದರು. ತೊದಲುತ್ತಾ, ಅಕ್ಷರ ಅಕ್ಷರ ಜೋಡಿಸಿ, "ನಮ್... ನಮ್ದು... ಪಾಯಿಂಟ್ ಆರು," ಅಂದರು. ಆ ಸ್ಥಿತಿಯಲ್ಲೂ ಹೆಮ್ಮೆ! "ಊರಿಗೇ... ಕಮ್ಮಿ."

"ಓ, ಕಾಮಿಸಾವಾದವ್ರಾ? ಕೇಳಿದೀನಿ," ಎಂದು ಡಾಕ್ಟರು ಬರೆದುಕೊಂಡರು. "ಹಾಗಿದ್ರೆ ಮನೆ ಊಟದ ಬಗ್ಗೆ ನಾನು ಹೇಳೋದು ಏನಿಲ್ಲ. ಅದೇ ಮುಂದುವರಿಸಿ."

ಅದೇ ಮುಂದುವರಿಸಿ. ಅಂದರೆ ದಿನಾ ನಾಲ್ಕು ಬಟ್ಟಲು. ನನ್ನ ಕಿವಿಯೊಳಗೆ ಸೈರನ್ ಇನ್ನೂ ಕೂಗುತ್ತಿತ್ತು.

"ಅಲ್ಲ," ಅಂದೆ.

ಡಾಕ್ಟರು ತಲೆ ಎತ್ತಿದರು. ಇವರೂ ಕಣ್ಣು ಹೊರಳಿಸಿದರು.

"ಆರು ಅಲ್ಲ. ಸೀಸೆಗೆ ನಾನು ನೀರು ಹಾಕಿದ್ದೆ. ಮೂರು ತಿಂಗ್ಳೂ ಹಾಕಿದ್ದೆ. ಎರಡು ಪಾಲಿಗೆ ಒಂದು ಪಾಲು. ಆದ್ರೂ ಒಂದು ಬರ್ಬೇಕಿತ್ತು, ಆರು ಯಾಕ್ ಬಂತೋ ನಂಗ್ ಗೊತ್ತಿಲ್ಲ..."

"ನಾನೂ ಹಾಕಿದ್ದೆ."

ಬಾಗಿಲ ಹತ್ತಿರ ನಿಂತಿದ್ದ ಅತ್ತೆ. ಗೋಡೆಗೆ ಹೇಳಿದ ಹಾಗೆ ಹೇಳಿದರು. "ಕಟ್ಟೆ ಮೇಲೆ ಸೀಸೆ ಇರ್ತಿತ್ತು. ಇವ್ಳು ಪಾಳಿಯವ್ಳು, ನನ್ ಸಾರಿಂದ ನಾಲ್ಕು ಜನದ ಮುಂದೆ ನನ್ ಸೊಸೆ ತಲೆ ತಗ್ಬಾರ್ದು ಅಂತ. ಅರ್ಧಕ್ಕೆ ಒಂಚೂರು ಕಮ್ಮಿ ಚೆಲ್ಲಿ ಬಿಸಿನೀರು ತುಂಬ್ದೆ. ಇವ್ಳೂ ಹಾಕಿದಾಳೆ ಅಂತ ನಂಗೇನ್ ಗೊತ್ತು?"

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿದರು. ನಾನು ಅತ್ತೆಯ ಮುಖ ನೋಡಿದೆ. ಸಾರು ಉಪ್ಪು ಎಂದು ಅವರಿಗೆ ಗೊತ್ತಿತ್ತು. ನಾನು ಹೇಳಿದ ದಿನದಿಂದಲೂ ಗೊತ್ತಿತ್ತು. ಆರು ಸುಳ್ಳು ಎಂದು ಗೊತ್ತಿದ್ದೂ ನಾಲ್ಕನೆಯ ಬಟ್ಟಲು ಬಡಿಸಿದ್ದರು, ಸುಳ್ಳೆಂದು ಗೊತ್ತಿದ್ದೂ ನಾನು ಬಡಿಸಲು ಬಿಟ್ಟಿದ್ದೆ. ಒಂದೇ ಅಡುಗೆಮನೆಯಲ್ಲಿ, ಒಬ್ಬರ ಮಾನ ಒಬ್ಬರು ಕಾಯುತ್ತಾ, ಇಬ್ಬರು ಹೆಂಗಸರು ಸೀಸೆಗೆ ನೀರು ಹಾಕಿದೆವು. ಇವರ ಬಟ್ಟಲಿಗೆ ಹಾಕಲಿಲ್ಲ.

ಇವರು ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂದಿತ್ತೋ, ನಮ್ಮಿಬ್ಬರನ್ನೂ ನೋಡುವುದು ಬೇಡವಾಗಿತ್ತೋ, ಕೇಳುವ ಧೈರ್ಯ ನನಗಿರಲಿಲ್ಲ.

ಹೊರಗೆ ಬಂದು ಬೆಂಚಿನಲ್ಲಿ ಕೂತಾಗ ಅತ್ತೆ ಸೌಟನ್ನು ನನ್ನ ಮಡಿಲಿಗೆ ಹಾಕಿದರು. ಇಪ್ಪತ್ತೆರಡು ವರ್ಷ ಕಾದ ಸೌಟು! "ಇಟ್ಕೋ. ನನ್ ಕೈಯಲ್ಲಿ ಬೇಡ ಇದು," ಅಂದರು. ಇಬ್ಬರೂ ಅತ್ತೆವು. ಅಷ್ಟು ಹೊತ್ತಿಗೆ ನರ್ಸಮ್ಮ ಬಂದರು, ಸ್ಕೂಟರಿನಲ್ಲಿ ಬಂದ ಚಳಿಗೆ ತುಟಿ ನೀಲಿಯಾಗಿತ್ತು. ಹದಿನಾಲ್ಕು ಸೀಸೆಯ ಕಥೆಯನ್ನೂ ಅಲ್ಲೇ, ಆ ಬೆಂಚಿನ ಮೇಲೆ ಹೇಳಿಬಿಟ್ಟೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೆಸರು ಬರೆದು ಗೋಡೆಗೆ ಹಚ್ಚಿದ್ದು ನಾನು," ಅಂದರು. ಆ ಸಂಜೆಯೇ ಹೋಗಿ ಹಾಳೆ ಕಿತ್ತರಂತೆ. ಆಮೇಲಿಂದ ಮೀಟರನ್ನು ಅಡುಗೆಮನೆಗೇ ತಂದು, ಪಾತ್ರೆಯಲ್ಲೇ ಅದ್ದಿ, ಅಂಕಿಯನ್ನು ಆ ಮನೆಯವರ ಕಿವಿಯಲ್ಲಿ ಮಾತ್ರ ಹೇಳುತ್ತಿದ್ದರು. ಮೊದಲ ಮನೆ ನಮ್ಮದು, ಎರಡನೆಯದು ಯೊಶಿನೊ ಅಕ್ಕನದು. ಅದೆಲ್ಲ ಆಮೇಲಿನ ಮಾತು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ತಟ್ಟೆ ಬಂತು. ಗಂಜಿ, ಬೇಯಿಸಿದ ಕುಂಬಳ, ಮುಚ್ಚಳ ಹಾಕಿದ ಬಟ್ಟಲಲ್ಲಿ ಮಿಸೊ ಸಾರು. ಇವರು ಹಿಂದಿನ ಮಧ್ಯಾಹ್ನದಿಂದ ನನ್ನೊಂದಿಗೆ ಒಂದಕ್ಷರ ಮಾತಾಡಿರಲಿಲ್ಲ. ನಾನು ಮಂಚದ ಬಲಗಡೆ ಕೂತು, ತಲೆ ಸ್ವಲ್ಪ ಎತ್ತಿ, ಚಮಚದಲ್ಲಿ ಸಾರು ತುಟಿಗೆ ಹಿಡಿದೆ. ಒಂದು ಗುಟುಕು ಕುಡಿದರು. ಬಾಯಲ್ಲೇ ಇಟ್ಟುಕೊಂಡು ಕಣ್ಣು ಮಾತ್ರ ನನ್ನ ಕಡೆ ಹೊರಳಿಸಿದರು. ನುಂಗಿದರು.

"ಇದ್ಕೂ... ನೀನೇ... ನೀರ್ ಹಾಕಿದ್ಯಾ?"

ಕುಶಾಲಿಗೆ ಅಂದರೋ, ಚುಚ್ಚಲೆಂದು ಅಂದರೋ ನನಗೆ ತಿಳಿಯಲಿಲ್ಲ. ನಗುತ್ತಿದ್ದಾರೇನೋ ಎಂದು ಮುಖ ನೋಡಿದೆ. ನನ್ನ ಕಡೆಗಿದ್ದದ್ದು ಮುಖದ ಬಲಭಾಗ, ನಗಲು ಬಾರದ ಅರ್ಧ.